ಹೇಳಿ ಹೆದರಿಸಿದವಳು

“ಗುರುಗಳೇ, ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಳ್ಳುವವರ ಅಂಕ ಕಳೆಯಬೇಕೇ?”

ಹೀಗೆ ಕೇಳಿದವನು ಶಿಷ್ಯ ಚಿದಾನಂದ. ಸಿನಿಮಾ ಕಲಿಸುವ ಗುರುಗಳ ಬಳಿ ಅವನು ಬಹಳ ಕಾಲದಿಂದ ಇದ್ದ. ದೆವ್ವದ ಚಿತ್ರಗಳಿಗೆ ಅವುಗಳ ನಿರ್ದೇಶಕರೇ ಕೊಟ್ಟ ವಿವರಣೆಗಳಿಗೆ ಅಂಕ ಹಾಕಿ ಒಳ್ಳೆಯದನ್ನು ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಚಿತ್ರ ಓಡುತ್ತಿರುವಾಗಲೇ ಅದರ ಮೇಲೆ ನಿರ್ದೇಶಕರ ಮಾತು ಕೇಳಿಸುವಂಥ ವಿವರಣೆಗಳು ಅವು.

ಗುರುಗಳು ಹೇಳಿದರು:

ಒಬ್ಬ ನಿರ್ದೇಶಕಿ ಇದ್ದಳು. ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ ದೆವ್ವದ ಚಿತ್ರ ತೆಗೆದಳು. ಜನ ನೋಡಿ ನಡುಗಿದರು. ಬಲ್ಲವರು ಮಾತ್ರ ಅದು ಅವಳ ಹೆಚ್ಚುಗಾರಿಕೆಯಲ್ಲ ಎಂದರು. ಆ ಗಿರಣಿಯೇ ಹಾಗಿತ್ತು, ಅಲ್ಲಿ ಯಾರು ಕ್ಯಾಮೆರಾ ಇಟ್ಟರೂ ಹೆದರಿಕೆಯಾಗುತ್ತಿತ್ತು ಎಂದು ಬರೆದರು. ಆ ಮಾತು ಅವಳನ್ನು ಒಳಗೆ ಕುಟುಕುತ್ತಲೇ ಇತ್ತು.

ಕೆಲವು ವರ್ಷಗಳ ಮೇಲೆ ಒಂದು ಕಂಪನಿ ಆ ಚಿತ್ರದ ಡಿಸ್ಕ್ ತರಲು ಹೊರಟಿತು. ಚಿತ್ರದ ಜೊತೆಗೆ ಅವಳ ವಿವರಣೆಯೂ ಇರಲಿ ಎಂದಿತು. ಕಂಪನಿಯವನು ಅವಳಿಗೆ ಬುದ್ಧಿ ಹೇಳಿದ. ಚಿತ್ರೀಕರಣದ ತಮಾಷೆಗಳನ್ನು ಹೇಳಿದರೆ ಸಾಕು, ತಂತ್ರವನ್ನೆಲ್ಲ ಬಿಚ್ಚಿಟ್ಟರೆ ನೋಡುವವರ ಭಯ ಹೋಗಿಬಿಡುತ್ತದೆ ಎಂದ.

ಅವಳು ಹೇಳಿದಳು: “ಎಲ್ಲವನ್ನೂ ಹೇಳುತ್ತೇನೆ. ಹೇಳಿದ ಮೇಲೆ ಹೋಗಿಬಿಡುವ ಭಯವನ್ನು ನಾನು ಮಾಡಿಲ್ಲ.”

ಹಾಗೆಯೇ ಹೇಳಿದಳು. ಮೆಟ್ಟಿಲ ಮೇಲಿನ ಬೆಳಕು ತನ್ನದಲ್ಲ, ಛಾಯಾಗ್ರಾಹಕ ಲೋಕಯ್ಯನವರದು. ಆ ಬೆಳಕಿನಲ್ಲಿ ಯಾರೂ ಬರದಂತೆ ಮಾಡಿ, ನೋಡುವವರನ್ನು ಅಷ್ಟು ಹೊತ್ತು ಕಾಯಿಸಿದ್ದು ಮಾತ್ರ ತಾನು ಎಂದಳು. ದೆವ್ವದ ನಡಿಗೆ ಒದ್ದೆ ಗೋಣಿಚೀಲವನ್ನು ನೆಲದ ಮೇಲೆ ಎಳೆದ ಸದ್ದು ಎಂದಳು. ಬಾವಿಯ ದೃಶ್ಯ ಬಂದಾಗ, ಇದು ಕೆಟ್ಟಿದೆ, ಕೆಡಿಸಿದವಳೂ ನಾನೇ ಎಂದಳು. ಮುಂದೆ ಭತ್ತದ ರಾಶಿಯೊಳಗಿಂದ ಒಂದು ಕೈ ಬರುವುದಿತ್ತು. ಅದನ್ನೂ ಮೊದಲೇ ಹೇಳಿದಳು. ಅದು ನನ್ನದೇ ಕೈ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರಾಶಿಯೊಳಗೆ ಮಲಗಿದ್ದೆ ಎಂದಳು. ಇಂಥ ದೃಶ್ಯವನ್ನು ಹಿಂದೆ ಯಾರೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ ಎಂದೂ ಸೇರಿಸಿದಳು.

ಒಂದು ಚಿತ್ರ ಸಂಘ ಇಂಥ ವಿವರಣೆಗಳಿಗೆ ಬಹುಮಾನ ಇಟ್ಟಿತು. ತೀರ್ಪುಗಾರನಾಗಿದ್ದವನು ಒಬ್ಬ ಹಿರಿಯ ವಿಮರ್ಶಕ. ಅವನು ಚಿತ್ರ ನೋಡದೆ, ಕಾರಿನಲ್ಲಿ ಓಡಾಡುತ್ತ ಮಾತನ್ನಷ್ಟೇ ಕೇಳಿದ್ದ. ನಗಿಸುತ್ತ ಮಾತಾಡಿದ ಇನ್ನೊಬ್ಬ ನಿರ್ದೇಶಕನಿಗೆ ಬಹುಮಾನ ಕೊಟ್ಟ. ಅವಳಿಗೆ ಜಂಬ ಹೆಚ್ಚು ಎಂದು ಸಭೆಯಲ್ಲೇ ಹೇಳಿದ.

ಅವಳು ಸಭೆಯಲ್ಲಿದ್ದಳು. ಎದ್ದು ನಿಂತು, ತನಗೆ ಬಹುಮಾನ ಬೇಡ, ಭತ್ತದ ರಾಶಿಯ ದೃಶ್ಯವನ್ನು ತನ್ನ ಮಾತಿನೊಂದಿಗೆ ಒಮ್ಮೆ ಪರದೆಯ ಮೇಲೆ ತೋರಿಸಿದರೆ ಸಾಕು ಎಂದು ಕೇಳಿಕೊಂಡಳು. ಸಂಘದವರು ಒಪ್ಪಿದರು.

ಗೋಣಿಚೀಲದ ಗುಟ್ಟು ಕೇಳಿ ಜನ ನಕ್ಕರು. ಈಗ ಕೈ ಬರುತ್ತದೆ, ಅದು ನನ್ನದು ಎಂದು ಅವಳ ದನಿ ಹೇಳಿತು. ಎಲ್ಲರೂ ಕಾದು ಕುಳಿತರು. ಕೈ ಬಂತು. ಇಡೀ ಸಭೆ ಬೆಚ್ಚಿಬಿತ್ತು. ವಿಮರ್ಶಕ ಪಕ್ಕದವನ ತೋಳು ಹಿಡಿದುಕೊಂಡ.

ದೀಪ ಹತ್ತಿದಾಗ ಅವನ ಮುಖ ಬೆವತಿತ್ತು. ಅವಳ ಬಳಿಗೆ ಬಂದು, ತಾನು ಕೇಳಿದ ಮಾತು ಇದೇ, ಆದರೆ ಅವತ್ತು ಹೀಗಾಗಿರಲಿಲ್ಲ ಎಂದು ತಡವರಿಸಿದ. ಬಹುಮಾನದ ವಿಷಯ ಮತ್ತೆ ಯೋಚಿಸಬಹುದು ಎಂದ.

“ಕೊಟ್ಟದ್ದು ಕೊಟ್ಟಾಯಿತು, ಅವರ ಹತ್ತಿರವೇ ಇರಲಿ,” ಎಂದಳು ಅವಳು. “ಕೈ ಬರುತ್ತದೆ ಎಂದು ನಿಮಗೆ ಮೊದಲೇ ಹೇಳಿದ್ದೆನಲ್ಲ.”

ಅಷ್ಟು ಹೇಳಿ ತಲೆಯೆತ್ತಿ ನಡೆದು ಹೋದಳು. ಜನ ಎದ್ದು ನಿಂತು ದಾರಿ ಬಿಟ್ಟರು.

ಗುರುಗಳು ಕತೆ ಮುಗಿಸಿದರು. ಹಾಗಾದರೆ ಜಂಬವಿದ್ದರೂ ಪರವಾಗಿಲ್ಲವೇ ಎಂದು ಚಿದಾನಂದ ಮತ್ತೆ ಕೇಳಿದ.

“ಅಂಕ ಹಾಕುವಾಗ ನೀನು ಒಮ್ಮೆಯಾದರೂ ಹೆದರಿದೆಯಾ?” ಎಂದರು ಗುರುಗಳು.

ಶಿಷ್ಯ ಅಂಕದ ಪಟ್ಟಿಯನ್ನು ಬದಿಗಿಟ್ಟು, ಮೊದಲ ಚಿತ್ರವನ್ನು ವಿವರಣೆಯೊಂದಿಗೆ ಪರದೆಯ ಮೇಲೆ ಹಾಕಿದ.