ಅರವಟ್ಟಿಗೆಯ ಸುತ್ತಲಿನ ಮರಳು

"ಗುರುಗಳೇ, ಓದುವವರು ಯಾರೆಂದೇ ತಿಳಿಯದಿದ್ದ ಮೇಲೆ ಬರೆಯುವುದು ಯಾತಕ್ಕೆ?" ಎಂದು ಶಿಷ್ಯೆಯೊಬ್ಬಳು ಕೇಳಿದಳು.

"ಏನಾಯಿತು ತಾಯಿ?" ಎಂದರು ಗುರುಗಳು.

ಅವಳು ಮರೆವಿನ ಕಾಯಿಲೆಯ ಅತ್ತೆಯನ್ನು ಬಹುಕಾಲ ನೋಡಿಕೊಂಡವಳು. ಉಂಡ ಕೈ ತೊಳೆಯುವ ಮೊದಲೇ ಅತ್ತೆ 'ನನಗೆ ಊಟ ಹಾಕಲಿಲ್ಲ' ಎಂದರೆ ಏನು ಹೇಳಬೇಕು, ಹೆತ್ತ ಮಗನನ್ನೇ 'ನೀವು ಯಾರು' ಎಂದು ಕೇಳಿದರೆ ಆ ಮಗನನ್ನು ಹೇಗೆ ಸಂತೈಸಬೇಕು, ಇಂಥದ್ದನ್ನೆಲ್ಲ ಒಂದು ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಜಾಗ ಬಿಟ್ಟಿಯದು. ಬಂದುಹೋದವರ ಸಂಖ್ಯೆ ತೋರಿಸುವ ಪುಟವೂ ಅದರ ಜೊತೆಗೆ ಬಿಟ್ಟಿಯಾಗಿಯೇ ಬಂದಿತ್ತು. ನೆಮ್ಮದಿ ಹೋದದ್ದು ಅಲ್ಲಿಂದ.

"ಒಂದು ದಿನ ಸಂತೆಯಷ್ಟು ಜನ, ಮರುದಿನ ನರಪಿಳ್ಳೆಯಿಲ್ಲ. ಬಂದವರಲ್ಲಿ ಎಷ್ಟೋ ಮಂದಿ ಮನುಷ್ಯರೇ ಅಲ್ಲವಂತೆ, ಯಂತ್ರಗಳಂತೆ. ಇನ್ನು ಯಾರೋ ಒಬ್ಬರು ಅಂತರ್ಜಾಲದಲ್ಲಿ 'ಕನ್ನಡಕ ಎಲ್ಲಿಟ್ಟೆ' ಎಂದು ಹುಡುಕಿಕೊಂಡು ನನ್ನ ಪುಟಕ್ಕೆ ಬಂದಿದ್ದಾರೆ. ಒಂದು ಸಲವಲ್ಲ, ಮತ್ತೆ ಮತ್ತೆ! ಇಂಥವರನ್ನು ಓದುಗರೆನ್ನಲೇ? ಅದಕ್ಕೇ ಹೆಸರು, ಊರು ಬರೆದವರಿಗಷ್ಟೇ ಪುಟ ತೆರೆಯುವಂತೆ ಮಾಡಿದೆ. ಈಗ ಒಬ್ಬರೇ ಬರುತ್ತಿದ್ದಾರೆ. ಅದು ನಾನೇ ಇರಬೇಕು ಅಂತ ಅನುಮಾನ. ಇವತ್ತು ಸಂಜೆ ಎಲ್ಲವನ್ನೂ ಅಳಿಸಿಬಿಡೋಣ ಅಂತಿದ್ದೇನೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಊರಾಚೆಯ ಕವಲುದಾರಿಯಲ್ಲಿ ಅರವಟ್ಟಿಗೆ ಇಟ್ಟಿದ್ದಳು. ಮರ ಯಾರದೋ, ನೆರಳು ಎಲ್ಲರದು. ಆ ದಾರಿಯಲ್ಲಿ ಬಾವಿಯೊಂದೂ ಇರಲಿಲ್ಲ. ಬೇಸಿಗೆಯಲ್ಲಿ ದಾರಿಹೋಕರ ಬೊಗಸೆಗೆ ಅವಳೇ ನೀರು ಹೊಯ್ಯುತ್ತಿದ್ದಳು. ಮನೆಗೆಲಸ ಹೆಚ್ಚಾದಾಗ ಮಡಕೆ ತುಂಬಿಸಿ, ಮುಚ್ಚಿ, ಮೇಲೊಂದು ಚಿಪ್ಪಿನ ಸೌಟಿಟ್ಟು ಹೋಗತೊಡಗಿದಳು.

ಆಗ ಅವಳಿಗೊಂದು ಆಸೆ ಹುಟ್ಟಿತು. ತಾನಿಲ್ಲದಾಗ ಯಾರು ಬರುತ್ತಾರೆ?

ಹೊಳೆಯ ಮರಳು ತಂದು ಜರಡಿ ಹಿಡಿದಳು. ಮಡಕೆಯ ಸುತ್ತ ಹರಡಿ, ಪೊರಕೆಯಿಂದ ನಯವಾಗಿ ಎಳೆದಳು. ಸಂಜೆ ಬಂದು ಕೂತು ಹೆಜ್ಜೆಗಳನ್ನು ಓದಿದಳು. ನಾಯಿ ಮಡಕೆಯವರೆಗೂ ಬಂದಿತ್ತು. ಕೋಳಿ ಬಂದಿತ್ತು. ಮನುಷ್ಯರ ಹೆಜ್ಜೆಗಳು ಮಾತ್ರ ಮರಳಿನ ಅಂಚಿಗೆ ಬಂದು ಹಿಂದಿರುಗಿದ್ದವು.

ಇದೇನೆಂದು ಅವಳಿಗೆ ಅರ್ಥವಾಗಲಿಲ್ಲ. ನೀರು ರುಚಿಸದೇನೋ ಎಂದು ಲಾವಂಚ ಹಾಕಿದಳು. ಮಡಕೆ ಹಳತಾಯಿತೇನೋ ಎಂದು ಹೊಸದು ತಂದು, ಕೆಮ್ಮಣ್ಣು ಬಳಿದು, ಸುಣ್ಣದ ಪಟ್ಟೆ ಎಳೆದಳು. ಹೆಜ್ಜೆಗಳು ಇನ್ನೂ ಸ್ಪಷ್ಟವಾಗಿ ಮೂಡಲೆಂದು ಮರಳನ್ನು ಮತ್ತಷ್ಟು ಅಗಲಕ್ಕೆ ಹರಡಿ, ಅಂಚಿಗೆ ಬಿಳಿಯ ಕಲ್ಲು ಜೋಡಿಸಿದಳು. ಮನುಷ್ಯರು ಇನ್ನೂ ದೂರದಿಂದಲೇ ಹಿಂದಿರುಗಿದರು.

ಮನೆಯಲ್ಲಿ ನಾದಿನಿ ನಗುತ್ತಿದ್ದಳು. "ಅತ್ತಿಗೆ, ಇವತ್ತು ಕೋಳಿಗಳೆಷ್ಟು ಬಂದಿದ್ದವು? ಊಟಕ್ಕೆ ಕರೆಯಬೇಕಿತ್ತು."

ಒಂದು ನಡುಹಗಲು ಬಳೆಗಾರನೊಬ್ಬ ಅವಳ ಮನೆಗೆ ಬಂದ. ಹೆಗಲ ಮೇಲಿನ ಬಳೆಯ ಮಲಾರವನ್ನು ಇಳಿಸಲೂ ಆಗದೆ ಜಗಲಿಯ ಮೇಲೆ ಕುಸಿದ. ತುಟಿ ಬಿರಿದಿತ್ತು. ಅವಳು ಓಡಿ ನೀರು ತಂದಳು. ಅವನು ಕುಡಿದು ಚೇತರಿಸಿಕೊಂಡ ಮೇಲೆ ಕೇಳಿದಳು:

"ಕವಲುದಾರಿಯಲ್ಲಿ ಬಂದೆಯಲ್ಲ ಅಣ್ಣ, ಅಲ್ಲಿಟ್ಟಿದ್ದ ಮಡಕೆ ಕಾಣಲಿಲ್ಲವೇ?"

"ಕಾಣದೆ ಏನು ತಾಯಿ! ನೆಲ ಹಸನು ಮಾಡಿದ್ದಾರೆ, ಸುತ್ತ ಕಲ್ಲು ಜೋಡಿಸಿದ್ದಾರೆ, ಲಾವಂಚ ಘಮ್ಮೆನ್ನುತ್ತಿದೆ. ಯಾರೋ ಕಳಶ ಇಟ್ಟು ಪೂಜೆಗೆ ಅಣಿಮಾಡಿರಬೇಕು ಅಂದುಕೊಂಡೆ. ಅದನ್ನು ತುಳಿಯುವುದುಂಟೆ? ಚಪ್ಪಲಿ ಬಿಟ್ಟು, ದೂರದಿಂದಲೇ ಕೈಮುಗಿದು ಬಂದೆ."

ಅವಳು ಅದೇ ಬಿಸಿಲಿನಲ್ಲಿ ಹೋಗಿ ಕಲ್ಲುಗಳನ್ನು ಎತ್ತಿ ಎಸೆದಳು. ಮರಳನ್ನು ಕಾಲಿನಿಂದ ಕೆದರಿದಳು.

ಮರುದಿನ ಸಂಜೆ ನಾದಿನಿಯೊಂದಿಗೆ ಹೋದಾಗ ಮಡಕೆ ಬರಿದಾಗಿತ್ತು. ಸೌಟು ಎಲ್ಲೋ, ಮುಚ್ಚಳ ಎಲ್ಲೋ. ನೆಲದ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ನಡುವೆ ಹಸುವಿನ ಗೊರಸಿನ ಗುರುತೂ ಇತ್ತು.

ಅವಳು ಮತ್ತೆ ಗೊಂದಲಕ್ಕೆ ಬಿದ್ದಳು. "ಕುಡಿದದ್ದು ಜನವೋ, ಹಸುವೋ?"

"ಯಾರ ಗಂಟಲಾದರೇನು ಅತ್ತಿಗೆ, ಒಣಗಿತ್ತು ತಾನೇ? ಕೊಡ ಇತ್ತ ಕೊಡು, ಕತ್ತಲಾಗುವುದರೊಳಗೆ ತುಂಬಿಸಿಡೋಣ" ಎಂದಳು ನಾದಿನಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕೈಯಲ್ಲಿದ್ದ ಮೊಬೈಲನ್ನು ಮಗುಚಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡಳು.

"ಕತೆಯೇನೋ ತಿಳಿಯಿತು ಗುರುಗಳೇ. ನನ್ನ ವಿಷಯ ಮಾತ್ರ ಇನ್ನೂ ತಿಳಿಯಲಿಲ್ಲ. ಕುಡಿಯಲು ನೀರು ಕೊಡುವುದು ಬೇರೆ, ಬರೆಯುವುದು ಬೇರೆ ಅಲ್ಲವೇ? ಅಳಿಸುವುದು ಬೇಡ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಕನ್ನಡಕ ಹುಡುಕುವವರಂಥವರೂ ನುಗ್ಗುತ್ತಾರಲ್ಲ, ಅವರು ತಮ್ಮ ಹೆಸರೊಂದನ್ನಾದರೂ ಬರೆದು ಒಳಗೆ ಬರಲಿ. ಅದೇನು ಅಷ್ಟು ಕಷ್ಟ?"

ಗುರುಗಳು ಹೇಳಿದರು: "ಅವರಿಗೆ ಅದೂ ಮರೆತುಹೋಗಿದ್ದರೆ?"