ಕೊನೆಯ ದೋಣಿಗೆ ಮೊದಲ ಆಯ್ಕೆ

ಪಾಠಶಾಲೆ ನಡೆಸುತ್ತಿದ್ದ ಶಿಷ್ಯ ಕೇಳಿದ: "ಗುರುಗಳೇ, ಮುಂದಿನ ವರ್ಷ ಒಬ್ಬ ಜಾಣ ಹುಡುಗ ಪಾಠಕ್ಕೆ ಬರುವವನಿದ್ದಾನೆ. ನನ್ನ ನಂತರ ಈ ಪಾಠಶಾಲೆ ನಡೆಸಬಲ್ಲವನು ಅವನೊಬ್ಬನೇ. ಈಗಿರುವ ಹುಡುಗರ ಯೋಗ್ಯತೆ ನಿಮಗೇ ಗೊತ್ತು. ಅವನು ಬರುವವರೆಗೆ ಇವರೊಂದಿಗೆ ಹೆಣಗುವುದೇಕೆ?"

ಗುರು ಹೇಳಿದರು:

ಒಂದು ಹೊಳೆ. ದಂಡೆಯುದ್ದಕ್ಕೂ ಊರುಗಳು, ಊರಿಗೊಂದು ಉದ್ದ ದೋಣಿ. ವರ್ಷಕ್ಕೊಮ್ಮೆ ಪಂದ್ಯ. ಅಲ್ಲಿ ಒಂದು ಕಟ್ಟಳೆಯಿತ್ತು. ಪ್ರಾಯಕ್ಕೆ ಬಂದ ಹುಡುಗರನ್ನು ದೋಣಿಗಳು ಹಂಚಿಕೊಳ್ಳುವಾಗ, ಪಂದ್ಯದಲ್ಲಿ ಕೊನೆಗೆ ಬಂದ ದೋಣಿಗೆ ಮೊದಲ ಆಯ್ಕೆ. ಸೋತವರೂ ಬದುಕಬೇಕಲ್ಲ ಎಂದು ಹಿರಿಯರು ಮಾಡಿದ್ದು. ಹಿರಿಯರಿಗೆ ಮನುಷ್ಯರ ಪರಿಚಯ ಸ್ವಲ್ಪ ಕಡಿಮೆ.

ಒಂದು ದೋಣಿ ಒಬ್ಬ ವ್ಯಾಪಾರಿಯದು. ಅವನ ಚುಕ್ಕಾಣಿ ಹಿಡಿಯುವವನಿಗೆ ವಯಸ್ಸಾಗಿತ್ತು. ಆಚೆ ದಡದಲ್ಲಿ ಒಬ್ಬ ಅಂಬಿಗನ ಮಗನಿದ್ದ, ಇನ್ನೂ ಮೀಸೆ ಮೂಡಿರಲಿಲ್ಲ. ಅವನು ಚುಕ್ಕಾಣಿಗೆ ಕೈಯಿಟ್ಟರೆ ದೋಣಿ ಸುಳಿಯನ್ನೂ ಸುಮ್ಮನೆ ದಾಟುತ್ತಿತ್ತು. ಅವನು ಪ್ರಾಯಕ್ಕೆ ಬರುವ ವರ್ಷ ಮೊದಲ ಆಯ್ಕೆ ತನ್ನದಾಗಬೇಕೆಂದು ವ್ಯಾಪಾರಿ ನಿಶ್ಚಯಿಸಿದ. ತನ್ನ ಗಟ್ಟಿ ಆಳುಗಳನ್ನು ಒಬ್ಬೊಬ್ಬರಾಗಿ ಬೇರೆ ದೋಣಿಗಳಿಗೆ ಬಿಟ್ಟುಕೊಟ್ಟ. ಬದಲಿಗೆ, ಅಂಬಿಗನ ಮಗನ ಮೇಲೆ ಕಣ್ಣು ಹಾಕುವುದಿಲ್ಲವೆಂದು ಆ ದೋಣಿಗಳ ಒಡೆಯರಿಂದ ಮಾತು ತೆಗೆದುಕೊಂಡ.

ಮುದುಕ ಕೇಳಿದ: "ಧಣಿ, ನನ್ನ ಜಾಗಕ್ಕೆ ಅವನು ಬರಲಿ. ಬಂದ ದಿನ ಹುಟ್ಟು ಹಾಕುವ ತೋಳು ಯಾರದ್ದು?"

"ಚುಕ್ಕಾಣಿ ನೆಟ್ಟಗಿದ್ದರೆ ಬಾಳೆದಿಂಡೂ ಗೆಲ್ಲುತ್ತದೆ, ಅಜ್ಜ."

"ಹಾಗಾದರೆ ಬಾಳೆದಿಂಡನ್ನೇ ಇಳಿಸಿ," ಎಂದು ಮುದುಕ ದಡ ಹತ್ತಿದ.

ಚುಕ್ಕಾಣಿಗೆ ಯಾರೋ ಕುಳಿತರು. ದೋಣಿ ಸೋತಿತು. ಮರುವರ್ಷವೂ ಸೋತಿತು. ವ್ಯಾಪಾರಿ ಬೈಯಲಿಲ್ಲ. ಸೋತ ದಿನ ಎಲ್ಲರಿಗೂ ಪಾಯಸದ ಊಟ ಹಾಕಿಸಿದ. ಮೊದಮೊದಲು ಹುಟ್ಟು ಹಾಕುವವರು ಅರ್ಧ ಊಟ ಎಲೆಯಲ್ಲೇ ಬಿಟ್ಟು ಏಳುತ್ತಿದ್ದರು. ಆಮೇಲೆ ಎರಡನೆಯ ಸಲ ಬಡಿಸಿಕೊಳ್ಳತೊಡಗಿದರು.

ಹುಡುಗ ಬೆಳೆದ. ಮೊದಲ ಆಯ್ಕೆಯಲ್ಲೇ ವ್ಯಾಪಾರಿಯ ಕೈಸೇರಿದ. ಪಂದ್ಯದ ದಿನ ಸೆಳವು ಎಲ್ಲಿ ಅನುಕೂಲವೆಂದು ಕಂಡವನು ಅವನೊಬ್ಬನೇ. ಅರ್ಧ ದೂರದವರೆಗೆ ಅವರ ದೋಣಿಯೇ ಮುಂದಿತ್ತು. ಆಗ ಪಕ್ಕದ ದೋಣಿ ಒಂದು ಮೊಳ ಮುಂದೆ ಬಂತು. ಅಷ್ಟೇ. ಇವರು ಹುಟ್ಟುಗಳನ್ನು ಎತ್ತಿ ಮೊಣಕಾಲ ಮೇಲೆ ಇಟ್ಟುಕೊಂಡರು.

"ಹಾಕಿ! ಹಾಕ್ರೋ!" ಯುವಕ ಕೂಗಿದ.

ಮುಂದೆ ಕುಳಿತವನು ತಿರುಗಿದ. ಪ್ರೀತಿಯಿಂದಲೇ ಹೇಳಿದ: "ಗಂಟಲು ಹರಿದುಕೊಳ್ಳಬೇಡ ತಮ್ಮಾ. ಪಾಯಸ ಆಗಲೇ ಒಲೆಯ ಮೇಲಿದೆ. ಬರುವ ವರ್ಷವೂ ಮೊದಲ ಆಯ್ಕೆ ನಮ್ಮದೇ."

ಆ ದಿನ ಯುವಕ ಎಲೆಗೆ ಕೈ ಹಾಕಲಿಲ್ಲ. ಮರುವರ್ಷ ಅವನೂ ಉಂಡ.

ಗುರು ನಿಲ್ಲಿಸಿದರು. ಶಿಷ್ಯ ನಿಟ್ಟುಸಿರಿಟ್ಟ: "ಪಾಪ, ಎಂಥ ಕೈ ಹಾಳಾಯಿತು!"

ಗುರು ಹೇಳಿದರು: "ನಿನ್ನ ಹುಡುಗರು ಬೆಳಗಿನಿಂದ ಪಡಸಾಲೆಯಲ್ಲಿ ನಿನಗಾಗಿ ಕಾದು ಕುಳಿತಿದ್ದಾರೆ, ಅಲ್ಲಿ ಕುಳಿತು ಏನು ಕಲಿಯುತ್ತಿದ್ದಾರೆಂದು ಹೋಗಿ ನೋಡು."