ಅಕ್ಕನ ಮುಖದ ಚುಕ್ಕೆಗಳು

"ಗುರುಗಳೇ, ಒಡಹುಟ್ಟಿದವನನ್ನು ದೂರ ಇಡುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

"ಯಾರನ್ನು?" ಎಂದರು ಗುರುಗಳು.

"ನನ್ನ ಅಣ್ಣನನ್ನು. ಆಗಾಗ ಮಠಕ್ಕೆ ನನ್ನನ್ನು ನೋಡಲು ಬರುತ್ತಾನೆ. ಜಗಳಗಂಟ. ಅಪ್ಪ ತೀರಿಕೊಂಡಂದಿನಿಂದ ಮನೆ, ಹೊಲ ಎಂದು ದಾಯಾದಿಗಳ ಜೊತೆ ಕಾದಾಡಿ ಕಾದಾಡಿ ಬಾಯಿ ಹೊಲಸಾಗಿದೆ. ಅವನು ಮಾತಾಡಿದರೆ ಉಳಿದ ಶಿಷ್ಯರು ಮುಸಿಮುಸಿ ನಗುತ್ತಾರೆ. ನಾನಾದರೋ ಇವತ್ತಿನವರೆಗೆ ಯಾರಿಗೂ ಒಂದು ಬಿರುಸು ಮಾತು ಆಡಿದವನಲ್ಲ. ಇನ್ನು ಬರಬೇಡ ಎಂದು ಅವನಿಗೆ ಹೇಳಿಬಿಡಲೇ?"

ಗುರುಗಳಿಗೆ ನಗು ಬಂತು. ಅವರು ಅದನ್ನು ಬಚ್ಚಿಡಲೂ ಇಲ್ಲ. ಕೂತುಕೋ ಎಂದು ಸನ್ನೆ ಮಾಡಿ ಕತೆ ಶುರುಮಾಡಿದರು.

ಸಮುದ್ರದ ಹಿನ್ನೀರಿನ ದಂಡೆಯಲ್ಲಿ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಒಂದು ಆಗರವಿತ್ತು. ಅಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳಿಗೆ ಒಬ್ಬಳು ತಂಗಿ. ತಂಗಿ ಹುಟ್ಟಿದ ವರ್ಷವೇ ಹೆತ್ತವರಿಬ್ಬರೂ ತೀರಿಹೋಗಿದ್ದರು. ಆಗ ಅಕ್ಕನಿಗೂ ಇನ್ನೂ ಆಡುವ ವಯಸ್ಸು. ಆದರೂ ಕೂಸನ್ನು ಅವಳೇ ಸಾಕಿ ದೊಡ್ಡದು ಮಾಡಿದಳು. ತಂಗಿಯ ಮುಖ ತಿಳಿಯಾಗಿತ್ತು, ಒಂದು ಕಲೆಯಿರಲಿಲ್ಲ. ಅಕ್ಕನ ಮುಖದ ತುಂಬ ಕಂದು ಚುಕ್ಕೆಗಳು. ಹಣೆ, ಮೂಗು, ಕೆನ್ನೆ, ಎಲ್ಲಿ ನೋಡಿದರೂ ಸಾಸಿವೆ ಚೆಲ್ಲಿದ ಹಾಗೆ.

ತಂಗಿಗೆ ಮದುವೆ ಗೊತ್ತಾಯಿತು. ಪೇಟೆಯ ವರ್ತಕನ ಮನೆ, ಒಳ್ಳೆಯ ಹುಡುಗ. ವೀಳ್ಯ ಬದಲಿಸುವ ದಿನ ಬಂದ ಹೆಂಗಸರು ಅಕ್ಕನ ಮುಖ ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಇದು ವಂಶದಲ್ಲೇ ಇರುವುದೋ, ನಾಳೆ ಹುಡುಗಿಗೂ ಬರುವುದೋ ಎಂದು ಅವರಿಗೆ ಅನುಮಾನ. ತಂಗಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಕೈಗೆ ಬಂದ ಸಂಬಂಧ ತಪ್ಪಿಹೋದೀತು ಎಂದು ಅವಳು ಹೆದರಿದಳು.

"ಅಕ್ಕಾ, ಮದುವೆಯ ಹೊತ್ತಿಗೆ ಈ ಚುಕ್ಕೆ ಹೋಗಬೇಕು. ಹೋಗದಿದ್ದರೆ ನೀನು ಮಂಟಪದ ಹತ್ತಿರ ಬರಬೇಡ. ಒಳಕೋಣೆಯಲ್ಲೇ ಇದ್ದುಬಿಡು" ಎಂದಳು.

"ಆಯ್ತು ತಂಗೀ. ನಿನ್ನ ಮದುವೆ ಸುಸೂತ್ರ ಆದರೆ ಸಾಕು" ಎಂದಳು ಅಕ್ಕ. ಹೆತ್ತವರ ಜಾಗದಲ್ಲಿ ನಿಲ್ಲಬೇಕಾದವಳು ಅವಳು. ಅವಳೇ ಒಳಕೋಣೆಗೆ ಒಪ್ಪಿಕೊಂಡಳು.

ತಂಗಿ ವೈದ್ಯನನ್ನು ಕರೆಸಿದಳು. ಅವನು ಆಗರದ ದಾರಿಯಲ್ಲೇ ನಡೆದು ಬಂದ. ಅಕ್ಕನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ.

"ರಕ್ತಚಂದನವನ್ನು ಹಾಲಿನಲ್ಲಿ ತೇಯ್ದು ಹಚ್ಚಿ. ಬಿಸಿಲಿಗೆ ಹೋಗುವಾಗ ಮುಖ ಮುಚ್ಚಿಕೊಳ್ಳಲಿ. ತುಸು ತಿಳಿಯಾದೀತು. ಇಷ್ಟು ವರ್ಷ ಬೇರುಬಿಟ್ಟದ್ದು ಮದುವೆಯ ಹೊತ್ತಿಗೆ ಹೋಗುವುದಿಲ್ಲ. ಇದನ್ನು ಬರದ ಹಾಗೆ ನೋಡಿಕೊಳ್ಳಬೇಕಿತ್ತು" ಎಂದ.

ತಂಗಿಯ ಮುಖ ಸಪ್ಪಗಾಯಿತು. ಆದರೂ ತನ್ನ ಚಿಂತೆ ತನಗೆ. "ಹಾಗಾದರೆ ನನಗಾದರೂ ಬರದ ಹಾಗೆ ಏನು ಮಾಡಬೇಕು, ಹೇಳಿ" ಎಂದಳು.

ವೈದ್ಯ ಅವಳನ್ನು ಒಮ್ಮೆ ದಿಟ್ಟಿಸಿದ. "ನೀನು ಬೆಳೆದದ್ದು ಎಲ್ಲಿ?"

"ಇಲ್ಲೇ, ಆಗರದಲ್ಲೇ. ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದರು? ಅಕ್ಕ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳಂತೆ."

ವೈದ್ಯ ಅಕ್ಕನ ಮುಖವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಹೇಳಿದ: "ಆಗರದಲ್ಲಿ ಒಂದು ಮರವಿಲ್ಲ. ಬಿಸಿಲು ಮೇಲಿನಿಂದ ಬೀಳುವುದು ಸಾಲದೆಂದು ಉಪ್ಪಿನಿಂದಲೂ ಏಳುತ್ತದೆ. ಅದಕ್ಕೇ ಅಲ್ಲಿ ಎಲ್ಲರೂ ಸೂರ್ಯನಿಗೆ ಬೆನ್ನು ಮಾಡಿ ಉಪ್ಪು ಗೋರುತ್ತಾರೆ. ಅವರ ಕತ್ತಿನ ಹಿಂಭಾಗ ಸುಟ್ಟು ಕಪ್ಪಾಗಿರುತ್ತದೆ, ಮುಖ ಅಷ್ಟಿಷ್ಟು ಉಳಿದಿರುತ್ತದೆ. ಬರುವಾಗ ನೋಡಿಕೊಂಡೇ ಬಂದೆ. ಈಗ ನಿನ್ನ ಅಕ್ಕನ ಕತ್ತಿನ ಹಿಂಭಾಗ ನೋಡು."

ತಂಗಿ ಅಕ್ಕನ ಹಿಂದೆ ಹೋಗಿ ಸೆರಗು ಸರಿಸಿದಳು, ಜಡೆ ಎತ್ತಿದಳು. ಕತ್ತು ತಿಳಿಯಾಗಿತ್ತು. ತನ್ನ ಮುಖದಷ್ಟೇ ತಿಳಿ. ಒಂದು ಚುಕ್ಕೆ ಇರಲಿಲ್ಲ.

ಎಲ್ಲರೂ ಬೆನ್ನು ತಿರುಗಿಸಿದ ಸೂರ್ಯನಿಗೆ ಅಕ್ಕ ಮುಖ ಕೊಟ್ಟು ನಿಂತಿದ್ದಳು. ಬೆನ್ನ ಮೇಲಿನ ಕೂಸು ನೆರಳಿನಲ್ಲಿರಲಿ ಎಂದು. ಸೂರ್ಯ ಸರಿದ ಹಾಗೆ ಅವಳೂ ತಿರುಗಿದ್ದಳು. ಕೂಸು ಬೆನ್ನಿನಿಂದ ಇಳಿದ ಮೇಲೆ ಅದನ್ನು ತನ್ನ ನೆರಳಿನಲ್ಲೇ ಕೂರಿಸಿಕೊಂಡು ದುಡಿದಿದ್ದಳು. ದೊಡ್ಡದಾದ ಮೇಲೆ ಅದನ್ನು ಬಿಸಿಲಿಗೇ ಕಳಿಸಲಿಲ್ಲ. ಆದರೆ ಅವಳ ಕಾಲುಗಳು ಮಾತ್ರ ಇಂದಿಗೂ ತಾವಾಗಿಯೇ ಸೂರ್ಯನ ಕಡೆ ತಿರುಗುತ್ತಿದ್ದವು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ತನ್ನ ಚೆಲುವು ದೇವರು ಕೊಟ್ಟದ್ದು ಎಂದು ತಂಗಿ ತಿಳಿದಿದ್ದಳು. ಸೂರ್ಯನಿಗೂ ತನಗೂ ನಡುವೆ ಒಬ್ಬ ಪುಟ್ಟ ಹುಡುಗಿ ವರ್ಷಗಟ್ಟಲೆ ನಿಂತಿದ್ದಳು ಎಂಬುದು ಅವಳಿಗೆ ಈಗ ಗೊತ್ತಾಯಿತು. ಅಕ್ಕನ ಮುಖವನ್ನು ನೋಡಲು ಅವಳಿಗೆ ಭಯವಾಯಿತು. ಗರ್ಭಗುಡಿಯ ಮುಂದೆ ನಿಂತಾಗ ಆಗುತ್ತದಲ್ಲ, ಅಂಥ ಭಯ. ಅವಳು ಅಕ್ಕನ ಕಾಲ ಬುಡದಲ್ಲಿ ಕುಸಿದು ಕೂತಳು.

"ಏಳು ತಂಗೀ, ಅದರಲ್ಲೇನಿದೆ? ಬಿಸಿಲು ತಾಗಿದರೆ ನೀನು ಬಹಳ ಅಳುತ್ತಿದ್ದೆ" ಎಂದಳು ಅಕ್ಕ.

ಮದುವೆಯ ದಿನ ತಂಗಿ ಅಕ್ಕನ ಕೈಹಿಡಿದು ಮಂಟಪಕ್ಕೆ ಕರೆತಂದಳು. ಬೀಗರ ಕಡೆಯ ಹೆಂಗಸರೆಲ್ಲ ತಿರುಗಿ ನೋಡಿದರು. ಚೆನ್ನಾಗಿ ನೋಡಲಿ ಎಂದು ಅವಳು ಅಕ್ಕನ ತಲೆಯ ಮೇಲಿನ ಸೆರಗನ್ನು ತಾನೇ ಸರಿಸಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕತೆ ಚೆನ್ನಾಗಿದೆ, ಗುರುಗಳೇ. ಆದರೆ ನನ್ನ ಅಣ್ಣನಿಗೆ ಏನು ಹೇಳಲಿ?"

"ಅಷ್ಟು ವರ್ಷ ಅವನು ದಾಯಾದಿಗಳಿಗೆ ಎದುರಾಗಿ ನಿಂತಿದ್ದಾಗ, ಅವನ ಬೆನ್ನ ಹಿಂದೆ ಯಾರಿದ್ದರು?"